ಆಪ್ಷನ್ ಎಂಟ್ರಿಗೆ ಮುಂಚೆ: ಹಾಸನದ ಮಕ್ಕಳು ಇಂಜಿನಿಯರಿಂಗ್ ಬ್ರಾಂಚ್ ಆರಿಸುವುದು ಹೇಗೆ

ಸಿಇಟಿ ರ್‍ಯಾಂಕ್ ಬಂದ ದಿನದಿಂದ ಹಾಸನದಲ್ಲಿ ಮನೆಮನೆಯಲ್ಲೂ ಒಂದೇ ಮಾತು. ಸಿಎಸ್, ಅಂದರೆ ಕಂಪ್ಯೂಟರ್ ಸೈನ್ಸ್, ಸಿಗುತ್ತಾ? ಸಿಗದಿದ್ದರೆ ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟು ಕೇಳ್ತಾರೆ? ಅದನ್ನು ಆಮೇಲೆ ನೋಡೋಣ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚ್‌ಗಳ ಪಟ್ಟಿ ತುಂಬುವ ಮೊದಲು ಎರಡು ವಿಷಯ ತಿಳಿದುಕೊಳ್ಳಿ: ಆ ಬ್ರಾಂಚ್ ಓದಿದವರು ಬೆಳಿಗ್ಗೆಯಿಂದ ಸಂಜೆವರೆಗೆ ಏನು ಕೆಲಸ ಮಾಡುತ್ತಾರೆ, ಮತ್ತು ಆ ಡಿಗ್ರಿ ಇಟ್ಟುಕೊಂಡು ಯಾವ ಹುದ್ದೆಗೆ ಅರ್ಜಿ ಹಾಕಬಹುದು, ಯಾವುದಕ್ಕೆ ಆಗಲ್ಲ.

ಕೆಲಸ ನೋಡೋಕೆ ದೂರ ಹೋಗಬೇಕಿಲ್ಲ. ಸಕಲೇಶಪುರದ ಕಡೆ ಎತ್ತಿನಹೊಳೆ ಯೋಜನೆ ಇದೆಯಲ್ಲ, 2024ರಲ್ಲಿ ಮೊದಲ ಹಂತ ಶುರುವಾಯಿತು. ಪಶ್ಚಿಮಕ್ಕೆ ಹರಿಯುವ ಹಳ್ಳಗಳ ನೀರನ್ನು ಮೇಲಕ್ಕೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಳಿಸುವ ಯೋಜನೆ. ಒಡ್ಡು, ಕಾಲುವೆ ಕಟ್ಟುವುದು ಸಿವಿಲ್‌ನವರು. ಆ ನೀರನ್ನು ಎತ್ತುವ ಪಂಪು, ವಾಲ್ವು ಮೆಕ್ಯಾನಿಕಲ್‌ನವರ ಕೈಯಲ್ಲಿ. ಆ ಪಂಪಿನ ಮೋಟಾರಿಗೆ ಕರೆಂಟು ತಂದು ಕೊಡುವ ಸಬ್‌ಸ್ಟೇಷನ್ ಎಲೆಕ್ಟ್ರಿಕಲ್‌ನವರದು. ಇಂಥ ಕಡೆ ಕೆಲಸ ಮಾಡುವ ಒಬ್ಬ ಜೂನಿಯರ್ ಇಂಜಿನಿಯರ್ ಹತ್ತಿರ ಅರ್ಧ ಗಂಟೆ ಮಾತಾಡಿ. ಮಳೆಗಾಲದಲ್ಲಿ ಸೈಟಿನಲ್ಲಿ ನಿಲ್ಲುವುದು ಹೇಗಿರುತ್ತೆ, ಕಂಟ್ರಾಕ್ಟರ್ ಬಿಲ್ಲು ಚೆಕ್ ಮಾಡುವುದು ಅಂದರೇನು, ವರ್ಗಾವಣೆ ಎಲ್ಲೆಲ್ಲಿಗೆ ಆಗುತ್ತೆ, ಎಲ್ಲ ಕೇಳಿ. ಯಾವ ಬ್ರೋಷರ್‌ನಲ್ಲೂ ಇದು ಬರೆದಿರುವುದಿಲ್ಲ.

ಹಾಗೇ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಿಂದ. ನಮ್ಮ ದೇಶದ ಸಂಪರ್ಕ ಉಪಗ್ರಹಗಳನ್ನು ಅಲ್ಲಿಂದ ನಿಯಂತ್ರಿಸುತ್ತಾರೆ. ಎಲೆಕ್ಟ್ರಾನಿಕ್ಸ್ ಓದಿದರೆ ಏನು ಮಾಡಬಹುದು ಅಂತ ಕೇಳುವವರಿಗೆ ಆ ದೊಡ್ಡ ಆಂಟೆನಾಗಳೇ ಉತ್ತರ. ಇಸ್ರೋ ವಿಜ್ಞಾನಿ ಹುದ್ದೆಗೆ ಕರೆಯುವಾಗ ಸಾಮಾನ್ಯವಾಗಿ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಈ ಮೂರೂ ಇರುತ್ತವೆ.

ಈಗ ಅರ್ಜಿ ವಿಷಯ. ಇದಕ್ಕೆ ಜಾಸ್ತಿ ಹೊತ್ತು ಕೊಡಿ, ಯಾಕಂದರೆ ನಾಲ್ಕು ವರ್ಷ ಓದಿದ ಮೇಲೆ ಇದು ಗೊತ್ತಾದರೆ ಏನೂ ಮಾಡೋಕೆ ಆಗಲ್ಲ. ಹಳೆಯ ನೇಮಕಾತಿ ಅಧಿಸೂಚನೆಗಳನ್ನು ಡೌನ್‌ಲೋಡ್ ಮಾಡಿ, ವಿದ್ಯಾರ್ಹತೆ ಅನ್ನುವ ಕಾಲಂ ಮಾತ್ರ ಓದಿ. ಯುಪಿಎಸ್‌ಸಿಯ ಇಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆ ನಡೆಯುವುದು ನಾಲ್ಕೇ ವಿಭಾಗದಲ್ಲಿ: ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಅಂಡ್ ಟೆಲಿಕಾಂ. ಕಂಪ್ಯೂಟರ್ ಸೈನ್ಸ್‌ಗೆ ಅಲ್ಲಿ ಪೇಪರೇ ಇಲ್ಲ. ಲೋಕೋಪಯೋಗಿ, ಸಣ್ಣ ನೀರಾವರಿ, ಪಂಚಾಯತ್ ರಾಜ್ ಅಂದರೆ ಹೆಚ್ಚಿನ ಹುದ್ದೆ ಸಿವಿಲ್‌ಗೆ. ಕೆಪಿಟಿಸಿಎಲ್, ನಮ್ಮ ಹಾಸನದ ಸೆಸ್ಕ್, ಚಿಕ್ಕಮಗಳೂರಿನ ಮೆಸ್ಕಾಂ ಥರದ ಸರ್ಕಾರಿ ವಿದ್ಯುತ್ ಕಂಪನಿಗಳು ಅಂದರೆ ಮುಖ್ಯವಾಗಿ ಎಲೆಕ್ಟ್ರಿಕಲ್. ಮನೆಯವರಿಗೆ ಸರ್ಕಾರಿ ಕೆಲಸವೇ ಬೇಕು, ಮಗನಿಗೆ ಮಾತ್ರ ಸಿಎಸ್ ಕೊಡಿಸುತ್ತೇವೆ ಅಂದರೆ ಆ ಲೆಕ್ಕ ಅಷ್ಟು ಸುಲಭಕ್ಕೆ ಕೂಡುವುದಿಲ್ಲ.

ಹಾಗಂತ ಸಿಎಸ್ ಬೇಡ ಅಂತ ಅಲ್ಲ. ಬೆಂಗಳೂರಿನಲ್ಲಿ ಕೆಲಸಗಳ ಸಂಖ್ಯೆ ಹೆಚ್ಚು ಇರುವುದು ಆ ಬ್ರಾಂಚಿಗೇ, ಆರಂಭದ ಸಂಬಳವೂ ಸಾಮಾನ್ಯವಾಗಿ ಚೆನ್ನಾಗಿದೆ. ಆದರೆ ಸಾಫ್ಟ್‌ವೇರ್ ಮಾರುಕಟ್ಟೆ ಏರುತ್ತೆ, ಇಳಿಯುತ್ತೆ, ಸೀಟುಗಳು ಮಾತ್ರ ವರ್ಷ ವರ್ಷ ಜಾಸ್ತಿ ಆಗ್ತಾನೇ ಇವೆ. ಕೋಡ್ ಬರೆಯೋದು ನಿಜವಾಗಿ ಇಷ್ಟ ಇದ್ದರೆ ಧೈರ್ಯವಾಗಿ ತಗೊಳ್ಳಿ. ಇನ್ನೂ ಗೊತ್ತಿಲ್ಲ ಅಂದರೆ ಎಲೆಕ್ಟ್ರಾನಿಕ್ಸ್ ನೋಡಿ. ಚಿಪ್ ವಿನ್ಯಾಸ, ಎಂಬೆಡೆಡ್ (ಯಂತ್ರದೊಳಗಿನ ಚಿಪ್‌ಗೆ ಪ್ರೋಗ್ರಾಂ ಬರೆಯುವುದು), ಇಸ್ರೋ, ರಕ್ಷಣಾ ಎಲೆಕ್ಟ್ರಾನಿಕ್ಸ್ ಮಾಡುವ ಬಿಇಎಲ್ ಎಲ್ಲ ತೆರೆದಿರುತ್ತೆ, ಹಲವು ಸಾಫ್ಟ್‌ವೇರ್ ಕಂಪನಿಗಳೂ ತಗೊಳ್ತವೆ. ಗಣಿತ ಕಷ್ಟ ಅನ್ನುವವರಿಗೆ ಮಾತ್ರ ಇದು ಸುಲಭದ ಬ್ರಾಂಚ್ ಅಲ್ಲ. ಎಐ, ಡೇಟಾ ಸೈನ್ಸ್ ಅನ್ನುವ ಹೊಸ ಬ್ರಾಂಚ್‌ಗಳ ಪಠ್ಯದಲ್ಲಿ ಬಹುಪಾಲು ಸಿಎಸ್‌ದೇ. ಎರಡೂ ಸಿಗುವ ಹಾಗಿದ್ದರೆ ನಾನು ಸರಳ ಸಿಎಸ್ ಅನ್ನೇ ಹೇಳುತ್ತೇನೆ, ಅಧಿಸೂಚನೆಯಲ್ಲಿ ಡಿಗ್ರಿ ಹೆಸರಿನ ತಕರಾರು ಬರುವುದಿಲ್ಲ.

ಮೆಕ್ಯಾನಿಕಲ್‌ಗೆ ಈಗ ಬೇಡಿಕೆ ಇಲ್ಲ ಅಂತ ಸುಮ್ನೆ ತಳ್ಳಿಹಾಕುತ್ತಾರೆ, ನನಗೆ ಬೇಜಾರಾಗೋದು ಇದಕ್ಕೇ. ಬಿಡದಿಯ ಟೊಯೋಟಾ, ಮೈಸೂರಿನ ಬಿಇಎಂಎಲ್, ಗುಬ್ಬಿ ಹತ್ತಿರ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ಎಲ್ಲ ನಮ್ಮ ಆಸುಪಾಸಿನವೇ ಅಲ್ವಾ? ಶುರುವಿನ ಸಂಬಳ ಕಮ್ಮಿ ಇರಬಹುದು, ಡಿಸೈನ್ ಸಾಫ್ಟ್‌ವೇರ್ ಕಲಿಯದೆ ಹೋದರೆ ಕಷ್ಟವೂ ಹೌದು. ಆದರೆ ಯಂತ್ರ ಬಿಚ್ಚಿ ನೋಡುವ ಆಸೆ ಇರುವ ಮಗುವನ್ನು ನಾಲ್ಕು ವರ್ಷ ಸ್ಕ್ರೀನ್ ಮುಂದೆ ಕೂರಿಸಬೇಡಿ.

ಕಾಲೇಜಿನ ವಿಷಯಕ್ಕೆ ಬಂದರೆ, ಬೆಂಗಳೂರಿನ ಹೆಸರು ಕೇಳದ ಕಾಲೇಜಿಗೆ ಸಾಲ ಮಾಡಿ ಸೇರಿಸುವುದಕ್ಕಿಂತ ಇಲ್ಲೇ 1960ರಿಂದ ಇರುವ ಮಲ್ನಾಡ್ ಕಾಲೇಜು, ಹಾಸನದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ ಕಾಲೇಜು ಮೊದಲು ನೋಡಿ. ಹಾಸ್ಟೆಲ್ ಖರ್ಚು ಉಳಿಯುತ್ತೆ. ಕ್ಯಾಂಪಸ್ಸಿಗೆ ಹೋಗಿ ಮೂರನೇ ವರ್ಷದ ಮಕ್ಕಳನ್ನು ನೇರವಾಗಿ ಕೇಳಿ: ಲ್ಯಾಬ್ ನಡೆಯುತ್ತಾ, ಕಳೆದ ವರ್ಷ ನಿಮ್ಮ ಬ್ರಾಂಚಿನವರು ಎಲ್ಲಿ ಸೇರಿದರು, ಎಷ್ಟು ಜನಕ್ಕೆ ಕೆಲಸ ಸಿಗಲಿಲ್ಲ. ಕೊನೇ ಪ್ರಶ್ನೆ ಮರೆಯಬೇಡಿ.

ಎಸ್‌ಎಸ್‌ಎಲ್‌ಸಿ ಮುಗಿಸಿದ ತಮ್ಮ ತಂಗಿಯರಿದ್ದರೆ ಡಿಪ್ಲೊಮಾ ದಾರಿಯನ್ನೂ ಹೇಳಿ. ಮೂರು ವರ್ಷ ಓದಿದರೆ ಹಲವು ಇಲಾಖೆಗಳ ಜೆಇ (ಜೂನಿಯರ್ ಇಂಜಿನಿಯರ್) ಹುದ್ದೆಗೆ ಅರ್ಜಿ ಹಾಕಬಹುದು, ಬೇಕಾದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು. ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರು ಸಿಇಟಿ ಅರ್ಜಿಯಲ್ಲೇ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಕೇಳಿಕೊಳ್ಳಬೇಕು. ಒಂದರಿಂದ ಹತ್ತನೇ ತರಗತಿವರೆಗಿನ ಪ್ರಮಾಣಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಸಹಿಗೆ ಮೊದಲೇ ಓಡಾಡಿ.

ಕೊನೆಗೆ ಆಪ್ಷನ್ ಎಂಟ್ರಿ. ಕಾಲೇಜು ಮತ್ತು ಬ್ರಾಂಚ್ ಸೇರಿ ಒಂದು ಆಪ್ಷನ್. ನಿಜವಾಗಿ ಬೇಕಾದ ಕ್ರಮದಲ್ಲೇ ಹಾಕಿ. ಸಿಗಲ್ಲ ಅನ್ನಿಸುವುದನ್ನು ಮೇಲೆ ಹಾಕಿದರೆ ನಷ್ಟ ಇಲ್ಲ, ಆದರೆ ಬೇಡವಾದದ್ದು ಮೇಲಿದ್ದು ಸಿಕ್ಕಿಬಿಟ್ಟರೆ ಅದರ ಕೆಳಗಿನವೆಲ್ಲ ಹೋಗುತ್ತವೆ. ನಿಜವಾದ ಹಂಚಿಕೆಗೆ ಮುಂಚೆ ಪ್ರಯೋಗಕ್ಕೆ ಅಂತ ಮಾಡುವ ಅಣಕು ಹಂಚಿಕೆ ನೋಡಿ ಪಟ್ಟಿ ತಿದ್ದಿ. ಸೀಟು ಬಂದ ಮೇಲೆ, ಅದು ಒಪ್ಪಿಗೆಯೇ ಆದರೆ ಚಾಯ್ಸ್ 1. ಕೈಯಲ್ಲಿರುವುದನ್ನು ಉಳಿಸಿಕೊಂಡು ಮೇಲಿನದಕ್ಕೆ ಕಾಯುವುದಾದರೆ ಚಾಯ್ಸ್ 2. ಚಾಯ್ಸ್ 3 ಒತ್ತಿದರೆ ಕೈಯಲ್ಲಿದ್ದ ಸೀಟು ಹೋಯಿತು ಅಂತಲೇ ಲೆಕ್ಕ, ಸೈಬರ್ ಸೆಂಟರ್‌ನವರಿಗೆ ಬಿಡದೆ ಈ ಪುಟವನ್ನು ನೀವೇ ಕೂತು ಒತ್ತಿ.