ಈರುಳ್ಳಿ ಬೇರಿನ ಪಕ್ಕದಲ್ಲೊಂದು ಮೊಬೈಲ್: ನನ್ನ ಅನುಭವ

ತೀರ್ಥಹಳ್ಳಿಯ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಬೋಧಿಸುವ ನಾನು, ಮೊಬೈಲ್ ವಿಕಿರಣದಿಂದ ಜೀವಕೋಶಗಳಿಗೆ ಹಾನಿಯಾಗುತ್ತದೆಯೇ ಎಂಬ ವಿದ್ಯಾರ್ಥಿಗಳ ಪ್ರಶ್ನೆಯನ್ನು ಈರುಳ್ಳಿ ಬೇರಿನ ಮೇಲೆ ಪರೀಕ್ಷಿಸಿ ನೋಡಿದೆ. ಬೇರುತುದಿಯಲ್ಲಿ ವಿಭಜಿಸುತ್ತಿರುವ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹಾನಿಯನ್ನು ಎಣಿಸುವ, ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಲೆವಾನ್ 1938ರಲ್ಲಿ ಬಳಕೆಗೆ ತಂದ ಈ ವಿಧಾನಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಈರುಳ್ಳಿ ಕೋಶದ 16 ವರ್ಣತಂತುಗಳು (ಡಿಎನ್‌ಎ ಹೊತ್ತ ಎಳೆಗಳು) ದೊಡ್ಡವಾಗಿರುವುದರಿಂದ ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಕಾಣುತ್ತವೆ.

ಮೊಬೈಲ್ ಬಳಸುವ 1800 ಮೆಗಾಹರ್ಟ್ಸ್ ತರಂಗದ ಒಂದು ಫೋಟಾನಿನ, ಅಂದರೆ ಶಕ್ತಿಯ ಅತಿ ಚಿಕ್ಕ ಕಂತೆಯ, ಶಕ್ತಿ ಎಲೆಕ್ಟ್ರಾನ್ ವೋಲ್ಟ್ ಎಂಬ ಅಳತೆಯ ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ರಾಸಾಯನಿಕ ಬಂಧ ಮುರಿಯಲು ಕೆಲವು ಎಲೆಕ್ಟ್ರಾನ್ ವೋಲ್ಟುಗಳೇ ಬೇಕಾಗುವುದರಿಂದ, ಎಕ್ಸ್ ಕಿರಣದಂತೆ ಇದು ಡಿಎನ್‌ಎಯನ್ನು ನೇರವಾಗಿ ತುಂಡರಿಸಲಾರದು. ಎಲ್ಲರೂ ಒಪ್ಪುವ ಪರಿಣಾಮ ಬಿಸಿಯೊಂದೇ. ಹಾಗಾಗಿ ನನ್ನ ಕೆಲಸದ ಬಹುಪಾಲು ಬಿಸಿಯನ್ನೂ ತರಂಗವನ್ನೂ ಬೇರ್ಪಡಿಸುವುದರಲ್ಲೇ ಕಳೆಯಿತು.

ಬಾವಿ ನೀರು ತುಂಬಿದ ಮೂರು ಲೋಟಗಳ ಮೇಲೆ ಈರುಳ್ಳಿಗಳನ್ನು ಕೂರಿಸಿ, ಒಂದರ ಪಕ್ಕ ಕರೆಯಲ್ಲಿರುವ ಫೋನನ್ನೂ, ಇನ್ನೊಂದರ ಪಕ್ಕ ಏರೋಪ್ಲೇನ್ ಮೋಡಿನಲ್ಲಿ ವಿಡಿಯೋ ಓಡುತ್ತಾ ಬಿಸಿಯಾಗುವ ಅದೇ ಮಾದರಿಯ ಫೋನನ್ನೂ ಇಟ್ಟು, ಮೂರನೆಯದನ್ನು ದೂರದಲ್ಲಿ ಹಾಗೆಯೇ ಬಿಟ್ಟೆವು. ಫೋನಿಗೂ ಲೋಟಕ್ಕೂ ನಡುವೆ ತೆಳುವಾದ ಥರ್ಮೋಕೋಲ್ ಹಾಳೆ ಇಟ್ಟದ್ದು ಬಹಳ ಉಪಯೋಗಕ್ಕೆ ಬಂತು, ಏಕೆಂದರೆ ಅದು ಬಿಸಿಯನ್ನು ತಡೆಯುತ್ತದೆ, ರೇಡಿಯೋ ತರಂಗವನ್ನು ತಡೆಯುವುದಿಲ್ಲ. ಕರೆಯಲ್ಲಿದ್ದರೂ ಮಾತಿಲ್ಲದ ಹೊತ್ತಿನಲ್ಲಿ ಫೋನು ಪ್ರಸಾರವನ್ನು ತಗ್ಗಿಸುವುದರಿಂದ ಅದರ ಮುಂದೆ ಭದ್ರಾವತಿ ಆಕಾಶವಾಣಿ ಹಚ್ಚಿಟ್ಟಿದ್ದೆವು. ಸಿಗ್ನಲ್ ಕ್ಷೀಣವಾಗಿರುವ ಮೂಲೆಯನ್ನು ಬೇಕೆಂದೇ ಆರಿಸಿಕೊಂಡೆ: ಟವರ್ ದೂರವಿದ್ದಷ್ಟೂ ಫೋನು ಶಕ್ತಿ ಏರಿಸಿ, 4ಜಿಯಲ್ಲಿ ಗರಿಷ್ಠ 200 ಮಿಲಿವ್ಯಾಟ್‌ವರೆಗೆ ಹೋಗುತ್ತದೆ. ಊರಿಗೆ ಟವರ್ ಬೇಡವೆಂದು ಅರ್ಜಿ ಕೊಟ್ಟು, ಗುಡ್ಡದಂಚಿಗೆ ಹೋಗಿ ಫೋನನ್ನು ಕಿವಿಗೆ ಒತ್ತಿಕೊಂಡು ಮಾತಾಡುವವರಿಗೆ ಇದು ತಿಳಿದಿದ್ದರೆ ಒಳ್ಳೆಯದು.

ಬೆಳಿಗ್ಗೆ ಕತ್ತರಿಸಿದ ಬೇರುತುದಿಗಳನ್ನು ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ನೆನೆಸಿಟ್ಟು, ಬಳಿಕ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆತ್ತಗಾಗಿಸಿ, ಅಸಿಟೋಕಾರ್ಮೈನ್ ಬಣ್ಣ ಕೊಟ್ಟೆವು. ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಗಾಢ ಕೆಂಪಾಗುತ್ತದೆ. ಉಳಿದದ್ದನ್ನು ಬ್ಲೇಡಿನಿಂದ ತೆಗೆದು, ಕವರ್ ಸ್ಲಿಪ್ ಮೇಲೆ ಪೆನ್ಸಿಲಿನ ಹಿಂತುದಿಯಿಂದ ಮೆಲ್ಲಗೆ ತಟ್ಟಿ, ನಂತರ ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಕವರ್ ಸ್ಲಿಪ್ ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದರೂ ಕೋಶಗಳು ಹೊಸೆದುಕೊಂಡು ಎಣಿಕೆ ಕೆಡುತ್ತದೆ.

ಯಾವ ಸ್ಲೈಡು ಯಾವ ಲೋಟದ್ದೆಂದು ಅಟೆಂಡರ್‌ಗೆ ಮಾತ್ರ ಗೊತ್ತಿತ್ತು. ವಿಭಜನೆಯಲ್ಲಿರುವ ಕೋಶಗಳ ಪ್ರಮಾಣವನ್ನೂ, ಹಾನಿಯ ಗುರುತುಗಳಾದ ವರ್ಣತಂತು ಸೇತುವೆಗಳನ್ನೂ (ಬೇರ್ಪಡುವಾಗ ನಡುವೆ ಎಳೆದುಕೊಂಡು ಉಳಿದ ವರ್ಣತಂತು), ಸೂಕ್ಷ್ಮ ಕೋಶಕೇಂದ್ರಗಳನ್ನೂ (ಮುಖ್ಯ ಕೋಶಕೇಂದ್ರದಿಂದ ಹೊರಗುಳಿದ ವರ್ಣತಂತುವಿನ ಚೂರುಗಳು) ಎಣಿಸಿ, ಅಟೆಂಡರ್ ಬರೆದಿಟ್ಟ ಚೀಟಿ ತೆರೆದಾಗ, ಒಂದೇ ಲೋಟದ ಎರಡು ಬೇರುಗಳ ನಡುವೆ ಇದ್ದ ಅಂತರಕ್ಕಿಂತ ಮೂರು ಲೋಟಗಳ ನಡುವಿನ ಅಂತರ ಹೆಚ್ಚಿರಲಿಲ್ಲ. ಕೆಲವು ದಿನಗಳ ಈರುಳ್ಳಿ ಬೇರಿನ ಬಗ್ಗೆ ಇಷ್ಟು ಹೇಳಬಲ್ಲೆ; ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಈ ತರಂಗಗಳನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವು’ ಎಂಬ 2ಬಿ ಗುಂಪಿಗೆ ಸೇರಿಸಿದ್ದು ಮನುಷ್ಯರ ದೀರ್ಘಕಾಲದ ಬಳಕೆಯನ್ನು ಕುರಿತು, ಅದನ್ನು ಅಲ್ಲಗಳೆಯುವ ಬಲ ನನ್ನ ಸ್ಲೈಡುಗಳಿಗಿಲ್ಲ.