ಬಂಡೆಯಲ್ಲಿ ಹಳೆಯ ಶಿಯರ್ ವಲಯವನ್ನು ಓದುವ ಬಗೆ

ಅಡಿಕೆ ಮರವನ್ನು ಸೀಳಿ ದಬ್ಬೆ ತೆಗೆಯುವುದನ್ನು ಕಂಡವರಿಗೆ ಈ ವಿಷಯದ ಅರ್ಧ ತಿಳಿದಂತೆಯೇ ಸರಿ: ನಾರಿನ ಗುಂಟ ಬೆಣೆ ಹೊಡೆದರೆ ಮರ ಬಿರಿಯುತ್ತದೆ, ಅಡ್ಡ ಕಡಿದರೆ ಕೊಡಲಿ ಮೊಂಡಾಗುತ್ತದೆ. ಭೂಫಲಕಗಳು ಒತ್ತಿ ಪರ್ವತ ಏಳುವಾಗಲೂ ನೆಲವು ಅನೇಕ ಕಡೆ ಹಳೆಯ ಸ್ತರಭಂಗ (ಬಂಡೆ ಬಿರಿದು ಜಾರಿದ ಬಿರುಕು), ಶಿಯರ್ ವಲಯ (ಆಳದ ಬಿಸಿಯಲ್ಲಿ ಬಂಡೆ ಹರಿದಂತೆ ಜರುಗಿದ ಪಟ್ಟಿ) ಇವುಗಳ ಗುಂಟವೇ ಮತ್ತೆ ಜಾರುತ್ತದೆ.

ಶಿವಮೊಗ್ಗದ ಸುತ್ತ ಇಂಥದ್ದನ್ನು ಹುಡುಕಲು ಬೇಸಿಗೆಯೇ ಸರಿಯಾದ ಕಾಲ. ಗುಡ್ಡಗಳನ್ನು ಜಂಬಿಟ್ಟಿಗೆ ಮುಚ್ಚಿರುವುದರಿಂದ, ನೀರಿಳಿದ ಹೊಳೆಯ ಪಾತ್ರದಲ್ಲಿ ತೊಳೆದ ಬಂಡೆಯನ್ನು ಆರಿಸಿಕೊಳ್ಳಿ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್‌ನಲ್ಲಿ (ಶಾಖ, ಒತ್ತಡದಿಂದ ಮಾರ್ಪಟ್ಟ ಪಟ್ಟೆಗಲ್ಲು) ಬಿಳಿ, ಬೂದು ಪಟ್ಟೆಗಳು ಎಲ್ಲೆಡೆ ಇರುತ್ತವೆ; ಅವು ಕೆಲವೇ ಮಾರುಗಳ ಅಂತರದಲ್ಲಿ ತೆಳ್ಳಗಾಗಿ, ನೇರವಾಗಿ, ಬೆಣಚುಕಲ್ಲು ರಿಬ್ಬನ್ನಿನಂತೆ ಚಪ್ಪಟೆಯಾಗಿದ್ದರೆ ನೀವು ಮೈಲೊನೈಟ್, ಅಂದರೆ ಶಿಯರ್ ವಲಯದಲ್ಲಿ ಎಳೆದು ನುಣ್ಣಗಾದ ಬಂಡೆಯ ಎದುರು ನಿಂತಿದ್ದೀರಿ. ಅದರೊಳಗೆ ಕಣ್ಣಿನಾಕಾರದ ಫೆಲ್ಡ್‌ಸ್ಪಾರ್ ಖನಿಜದ ಕಣಗಳಿಗೆ ಎರಡು ಬಾಲಗಳಿರುತ್ತವೆ. ಪದರದ ಮೇಲೆ ಖನಿಜಗಳು ಎಳೆದಂತೆ ಕಾಣುವ ಗೆರೆಗಳಿಗೆ ಸಮಾಂತರವಾಗಿ, ಪದರಕ್ಕೆ ಲಂಬವಾಗಿ ಒಡೆದ ಮುಖದಲ್ಲಿ ನೋಡಿದಾಗ ಮೇಲ್ಬದಿಯ ಬಾಲ ಎತ್ತ ಚಾಚಿದೆಯೋ ಮೇಲಿನ ಭಾಗ ಅತ್ತ ಸರಿದಿದೆ. ಬೇರೆ ಮುಖದಲ್ಲಿ ನೋಡಿ ದಿಕ್ಕು ತಪ್ಪಿ ಹೇಳುವವರೇ ಹೆಚ್ಚು.

ಇಂಥ ಪಟ್ಟಿ ದುರ್ಬಲವಾಗಲು ಸಾಲಾಗಿ ಮಲಗಿದ ಕಾಗೆಬಂಗಾರ, ಕ್ಲೋರೈಟ್ ಖನಿಜಗಳು ಮುಖ್ಯ ಕಾರಣ. ಅವುಗಳ ಗುಂಟ ಜಾರುವುದು ಸುಲಭ. ಚಿತ್ರದುರ್ಗ ಶಿಯರ್ ವಲಯದಂಥ ದೊಡ್ಡವು ಧಾರವಾಡ ಶಿಲಾಪ್ರದೇಶವನ್ನು ಪೂರ್ವ, ಪಶ್ಚಿಮವೆಂದು ವಿಭಜಿಸುವಷ್ಟು ಆಳವಾಗಿವೆ.

ಹಳೆಯ ವಲಯ ನಂತರದ ಚಲನೆಗೆ ಮರುಬಳಕೆಯಾಗಿದೆಯೇ ಎಂದು ತಿಳಿಯಲು ಕ್ರಮವನ್ನು ಗಮನಿಸಬೇಕು. ಬಿಸಿಯಲ್ಲಿ ಹರಿದ ಮೈಲೊನೈಟ್‌ನ ಪದರದ ಗುಂಟವೇ ನುಣುಪಾಗಿ ಉಜ್ಜಿದ ಬಿರುಕು ಹಾದಿದ್ದರೆ ನಂತರದ ಚಲನೆ ಹಳೆಯ ದಾರಿ ಹಿಡಿದಿದೆ. ಅಡ್ಡ ಹಾಯ್ದಿದ್ದರೆ ಹಿಡಿದಿಲ್ಲ. ಕೋನವೂ ನಿರ್ಣಾಯಕ. ಒತ್ತಡದ ದಿಕ್ಕಿಗೆ ಸುಮಾರು 30 ಡಿಗ್ರಿಯಲ್ಲಿರುವ ಬಿರುಕು ಸಲೀಸಾಗಿ ಜಾರುತ್ತದೆ, 60ರ ಆಸುಪಾಸಿನದ್ದು ಕಚ್ಚಿಕೊಳ್ಳುತ್ತದೆ. ಆಲ್ಪ್ಸ್‌ನಲ್ಲಿ ಹಿಂದೆ ನೆಲ ಹಿಗ್ಗಿದಾಗ ಹುಟ್ಟಿದ ಕಡಿದಾದ ಕೆಲವು ಸ್ತರಭಂಗಗಳು ಹೀಗೆ ಜಾರದೆ, ಹೊಸ ಸ್ತರಭಂಗ ಅವುಗಳ ಬುಡ ಕತ್ತರಿಸಿಕೊಂಡು ಹೋಗಿದೆ. ಹಿಮಾಲಯದಲ್ಲಂತೂ ಗಂಗಾ ಬಯಲಿನಡಿ ಹೂತಿರುವ ಹಳೆಯ ಬಂಡೆಯ ದೆಹಲಿ–ಹರಿದ್ವಾರ ದಿಬ್ಬ ಪರ್ವತದ ಕೆಳಗೇ ನುಗ್ಗಿದೆ.

ಸಹ್ಯಾದ್ರಿಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಡಿಕ್ಕಿಯಿಂದ ಎದ್ದ ಪರ್ವತವಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಬೇರ್ಪಟ್ಟ ಅಂಚಿನ ಕಥೆ ಅದು.

ಪದರ ಮತ್ತು ಬಿರುಕಿನ ದಿಕ್ಕುಗಳನ್ನು ದಿಕ್ಸೂಚಿಯಲ್ಲಿ ಪ್ರತ್ಯೇಕವಾಗಿ ಅಳೆದು ಬರೆದುಕೊಳ್ಳಿ. ಕೊಡಚಾದ್ರಿ, ಕೆಮ್ಮಣ್ಣುಗುಂಡಿಗಳ ಕಬ್ಬಿಣದ ಬಂಡೆಯ ಬಳಿ ಮುಳ್ಳು ಸುಳ್ಳು ಹೇಳಬಹುದಾದ್ದರಿಂದ, ಅಲ್ಲಿ ಕೆಲವು ಹೆಜ್ಜೆ ದೂರ ಸರಿದು ಮತ್ತೊಮ್ಮೆ ಅಳೆಯಿರಿ.