ಒಬ್ಬರ ಉಳಿತಾಯ ಇನ್ನೊಬ್ಬರ ಹೆಸರಿಗೆ: ಆ್ಯಪ್‌ಶೀಟ್‌ನಲ್ಲಿ ನನ್ನ ಅನುಭವ

ನಮ್ಮ ಸ್ವಸಹಾಯ ಸಂಘದ ಉಳಿತಾಯದ ಲೆಕ್ಕಕ್ಕೆಂದು ಗೂಗಲ್ ಶೀಟ್ ಇಟ್ಟುಕೊಂಡು, ಕೋಡ್ ಬರೆಯದೆ ಆ್ಯಪ್ ಕಟ್ಟಬಹುದಾದ ಗೂಗಲ್‌ನ ಆ್ಯಪ್‌ಶೀಟ್‌ನಲ್ಲಿ ಆ್ಯಪ್ ಕಟ್ಟಿದ್ದೆ. ಸದಸ್ಯರ ಪಟ್ಟಿ ಒಂದು ಟೇಬಲ್‌ನಲ್ಲಿ, ಅವರು ಕಟ್ಟಿದ ಉಳಿತಾಯ ಇನ್ನೊಂದರಲ್ಲಿ. ಸದಸ್ಯರ ಪಟ್ಟಿಯಲ್ಲಿ ಸಂಘ ಬಿಟ್ಟ ಸದಸ್ಯೆಯ 7ನೇ ಸಾಲನ್ನು ಅಳಿಸಿದೆ. ಮರುದಿನ 8ನೇ ಸಾಲಿನವರು ಕಟ್ಟಿದ್ದ 200 ರೂಪಾಯಿ ಅವರ ಕೆಳಗಿನವರ ಹೆಸರಿನಲ್ಲಿ ಕಾಣಿಸಿತು! ಕೂಲಿಯಲ್ಲಿ ಉಳಿಸಿದ ಹಣವದು, ಎದೆ ಧಸಕ್ಕೆಂದಿತು.

ತಪ್ಪು ನನ್ನದೇ. ಸಾಲಿನ ಸಂಖ್ಯೆಯನ್ನೇ ಕೀ, ಅಂದರೆ ಪ್ರತಿ ಸದಸ್ಯರನ್ನು ಆ್ಯಪ್ ಗುರುತಿಸುವ ಗುರುತು, ಮಾಡಿದ್ದೆ. ಒಂದು ಸಾಲು ಅಳಿದರೆ ಕೆಳಗಿನವೆಲ್ಲ ಮೇಲೇರುತ್ತವೆ; ಉಳಿತಾಯದ ಟೇಬಲ್ ಮಾತ್ರ ಹಳೆಯ ಸಂಖ್ಯೆಯನ್ನೇ ಹಿಡಿದಿರುತ್ತದೆ.

ಮೊದಲು ಶೀಟಿನ ನಕಲು ತೆಗೆದಿಟ್ಟೆ. ‘ಸದಸ್ಯ ಐಡಿ’ ಕಾಲಂ ಸೇರಿಸಿ, ಹಳಬರಿಗೆ ಕೈಯಾರೆ ಐಡಿ ತುಂಬಿ, ಅದನ್ನೇ ಕೀ ಮಾಡಿದೆ. ಹೊಸಬರಿಗೆ ಆ ಕಾಲಂನ ಇನಿಶಿಯಲ್ ವ್ಯಾಲ್ಯೂನಲ್ಲಿ (ಹೊಸ ಸಾಲು ಸೇರಿಸುವಾಗ ತಾನಾಗಿ ತುಂಬುವ ಮೌಲ್ಯ) ಯುನೀಕ್‌ಐಡಿ() ಎಂದು, ಅಂದರೆ ಬೇರೆ ಬೇರೆ ಐಡಿ ಹುಟ್ಟಿಸುವ UNIQUEID() ಸೂತ್ರವನ್ನು ಬರೆದೆ. ಅದನ್ನು ‘ಆ್ಯಪ್ ಫಾರ್ಮುಲಾ’ ಎಂಬ ಇನ್ನೊಂದು ಜಾಗದಲ್ಲಿ ಬರೆಯಬೇಡಿ, ಸಾಲನ್ನು ತಿದ್ದಿದಾಗಲೆಲ್ಲ ಐಡಿ ಬದಲಾಗುತ್ತದೆ. ಉಳಿತಾಯದ ಟೇಬಲ್‌ನಲ್ಲಿದ್ದ ಹಳೆಯ ಸಾಲಿನ ಸಂಖ್ಯೆಗಳನ್ನು ಪಾಸ್‌ಬುಕ್ ನೋಡಿ ಒಂದೊಂದಾಗಿ ಹೊಸ ಐಡಿಗೆ ಬದಲಿಸಿದೆ. ಈಗ ಯಾರನ್ನೂ ಅಳಿಸುವುದಿಲ್ಲ. ‘ಸ್ಥಿತಿ’ ಕಾಲಂನಲ್ಲಿ ‘ಬಿಟ್ಟಿದ್ದಾರೆ’ ಎಂದು ಗುರುತು ಹಾಕುತ್ತೇನೆ.